ಒಂದು ಗೇಣು ಮುಂಚೆ ನಿಲ್ಲುವ ಕೈ

ಮದ್ದೂರು
ಸೋಮವಾರ, ೧೧ ಆಗಸ್ಟ್ ೨೦೨೫

ನೆರೆದಿರುವ ಮಹಾಜನಗಳೇ, ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿದ ಗಣ್ಯರೇ, ಹಿಂದೆ ಟ್ರ್ಯಾಕ್ಟರ್ ಏರಿ ಕೂತ ಅಭಿಮಾನಿಗಳೇ, ಮನೆಯಿಂದ ಚಾಪೆ ತಂದ ತಾಯಂದಿರೇ,

ಎಲ್ಲರಿಗೂ ಗಫಾರನ ಸಲಾಮು, ನಮಸ್ಕಾರ. ಈ ಕಾಗದ ಬರೆದಿರುವುದು ಒಬ್ಬನಿಗೆ. ಆದರೆ ಆ ಒಬ್ಬ, ಅಂದರೆ ನಿಮ್ಮ ಹೈಸ್ಕೂಲಿನ ವ್ಯಾಯಾಮ ಶಿಕ್ಷಕ ಯೋಗಾನರಸಿಂಹ, ಕೈಗೆ ಬಂದ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದದೆ ಬಿಡುವ ಆಸಾಮಿಯಲ್ಲ. ಮದುವೆ ಪತ್ರಿಕೆಯನ್ನೂ ರಾಗ ಹಾಕಿ ಓದುವವನು. ಆದ್ದರಿಂದ ಎಲ್ಲರೂ ಕೇಳಿ. ಟೀ ಲೋಟ ಕೆಳಗಿಡಿ.

ಯೋಗಾನರಸಿಂಹ,

ನಿನ್ನ ಹೆಸರಿನ ಹಿಂದೆ 'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದ್ದೇನೆ. ಹೊಡೆದ ಗೀಟು ನಿನಗೆ ಕಾಣಲಿ ಎಂದೇ ಬೇರೆ ಹಾಳೆ ತೆಗೆದುಕೊಳ್ಳಲಿಲ್ಲ.

ಶುಕ್ರವಾರ ಜಿಲ್ಲಾ ಸಾಫ್ಟ್‌ಬಾಲ್ ತಂಡದ ಪಟ್ಟಿಯನ್ನು ನೀನು ಅಂಟಿಸಿದೆ. ಹದಿನಾರು ಹುಡುಗಿಯರ ಹೆಸರು. ಮೂರು ವರ್ಷದಿಂದ ಮೂರನೇ ಬೇಸ್ ಕಾಯುತ್ತಿರುವ ನನ್ನ ಮಗಳು ತೂಬಾಳ ಹೆಸರು ಅದರಲ್ಲಿಲ್ಲ. ಕಾರಣ ಕೇಳಲು ಮೈದಾನಕ್ಕೆ ಬಂದ ನನಗೆ ನೀನು ಇಡೀ ತಂಡದ ಎದುರು ಹೇಳಿದ್ದು ಇಷ್ಟು: "ಅವಳು ಎಸೀತಿರೋದು ಚೆಂಡಲ್ಲ ಕಣೋ ಗಫಾರ್, ನಾಟಕ. ಭುಜ ಹೋಗಿದೆ. ನಾನು ಕಳಿಸಲ್ಲ." ಹುಡುಗಿಯರು ನಕ್ಕರು. ತೂಬಾ ನಗಲಿಲ್ಲ. ಗ್ಲೌಸು ಬಿಚ್ಚಿ ಚೀಲಕ್ಕೆ ತುರುಕಿ ಬಸ್ಸು ಹತ್ತಿದಳು. ಅಂದಿನಿಂದ ನನ್ನೊಡನೆ ಮಾತಿಲ್ಲ. ನಿನ್ನೊಡನೆಯೂ ಮಾತಿಲ್ಲ ಎಂದು ಕೇಳಿದೆ, ಅದೊಂದೇ ಸಮಾಧಾನ.

ನಾಟಕ ಎಂದು ಆಡಿಕೊಂಡವನು ಯಾರು ಸ್ವಾಮಿ? ಇಪ್ಪತ್ತೆರಡು ವರ್ಷ ನನ್ನ ಎದುರು ಗದೆ ಹಿಡಿದು ನಿಂತವನು. ಶಿವಪುರದಿಂದ ಮಳವಳ್ಳಿಯವರೆಗೆ ನಾವಿಬ್ಬರು ಹೊಡೆದಾಡದ ನಾಟಕದ ಅಟ್ಟಣೆಯಿಲ್ಲ. ನಾನು ಖಳ, ನೀನು ನಾಯಕ. ಪ್ರತಿ ಸಲವೂ ಕೊನೆಯ ದೃಶ್ಯದಲ್ಲಿ ನಿನ್ನ ಗದೆ ನನ್ನ ತೊಡೆಗೆ ಬಿದ್ದು ನಾನು ಸತ್ತಿದ್ದೇನೆ. ಒಂದು ಸಲವೂ ಬೇಜಾರು ಮಾಡಿಕೊಳ್ಳಲಿಲ್ಲ. ಈಗ ಅದೇ ಕಲೆ ನಿನ್ನ ಬಾಯಲ್ಲಿ ಬೈಗುಳವಾಯಿತು.

ಸಭಿಕರಿಗೆ ಹಿಂದಿನ ಕಥೆ ಗೊತ್ತಿರಲಿಕ್ಕಿಲ್ಲ. ಜನವರಿಯಲ್ಲಿ ನಮ್ಮ ಹುಡುಗಿಯರು ಒಂದು ಪಂದ್ಯ ಸೋತರು. ಮೂರನೇ ಬೇಸಿನಿಂದ ಮೊದಲನೇ ಬೇಸಿಗೆ ತೂಬಾ ಎಸೆದ ಚೆಂಡು ಒಂದು ಸಲ ನೆಲಕ್ಕೆ ಪುಟಿದು, ಓಡಿಬಂದವಳಿಗಿಂತ ತಡವಾಗಿ ತಲುಪಿತು. ಮನೆಗೆ ಬಂದು ಅತ್ತಳು. ಅಷ್ಟು ದೊಡ್ಡ ಗದೆ ಬೀಸುವ ಅಪ್ಪನಿರುವಾಗ ಮಗಳಿಗೆ ಕೈಬಲದ ಚಿಂತೆಯೇ ಎಂದು ನಾನೇ ಗುರುವಾದೆ. ಗೆಜ್ಜಲಗೆರೆ ರಸ್ತೆಯ ನನ್ನ ಗ್ಯಾರೇಜಿನ ಮುಂದೆ ಲಾರಿ ಟೈರೊಂದನ್ನು ತೂಗುಹಾಕಿದೆ. ಆ ಎರಡು ಬೇಸುಗಳ ನಡುವಿನಷ್ಟೇ ದೂರ, ಇಪ್ಪತ್ತಾರು ಮೀಟರ್ ಅಳೆದು ಗೆರೆ ಎಳೆದೆ. ದಿನಕ್ಕೆ ಎಂಬತ್ತು ಎಸೆತ.

ಕಲಿಸಿದ್ದು ಏನನ್ನು? ನಮ್ಮ ನಾಟಕದ ಹಾರ್ಮೋನಿಯಂ ಮೇಷ್ಟ್ರು ಮರಿಸಿದ್ದಯ್ಯ ನನಗೆ ಕಲಿಸಿದ್ದನ್ನು. "ಕಾಲು ಮೊದ್ಲೇ ಊರ್ಬುಟ್ಟು ಕೈಯ ಆಮ್ಯಾಕೆ ಬೀಸಿದ್ರೆ ಇಂದ್ಗಡೆ ಕುಂತೋನ್ಗೆ ಏನ್ಲಾ ಕಾಣ್ತದೆ? ಕಾಲು, ಕೈ, ಕೂಗು, ಮೂರೂ ತಬಲದ ಒಂದೇ ಏಟ್ಗೆ ಬೀಳ್ಬೇಕು ಕಣ್ಲಾ." ಅವರ ಎರಡನೆಯ ಪಾಠವೂ ನಿನಗೆ ಗೊತ್ತು. "ಜೋರಾಗೇ ಬೀಸು, ಒಂದು ಗೇಣು ಮುಂಚೆ ನಿಲ್ಸು. ಎದುರ್ಗಿರೋನು ನಾಳೆ ಇಸ್ಕೂಲ್ಗೆ ಓಗ್ಬೇಕು." ಆ ಒಂದು ಗೇಣಿನಿಂದಲೇ ನೀನು ಇವತ್ತಿಗೂ ಹಾಜರಿ ಕೂಗುತ್ತಿದ್ದೀಯ.

ತೂಬಾ ಎಸೆದರೆ ಟೈರು ಗುಮ್ಮೆನ್ನುತ್ತಿತ್ತು. ಫ್ಯಾಕ್ಟರಿ ಬಿಟ್ಟು ಬರುವವರು ಬೈಕು ನಿಲ್ಲಿಸಿ ನೋಡುತ್ತಿದ್ದರು. ನಾನು ಮೀಸೆಯ ಮೇಲೆ ಕೈ ಹಾಕುತ್ತಿದ್ದೆ.

ನಿನ್ನ ಹೊಟ್ಟೆಕಿಚ್ಚನ್ನು ಸಾಬೀತು ಮಾಡಬೇಕೆಂದು ಶನಿವಾರ ತಂಡದ ಕ್ಯಾಪ್ಟನ್ ಮೇಧಾಳಿಂದ ಮಂಡ್ಯದ ಪಂದ್ಯದ ವಿಡಿಯೋ ತರಿಸಿಕೊಂಡೆ. ಮಧ್ಯಾಹ್ನ ಗ್ಯಾರೇಜಿನ ಶಟರ್ ಅರ್ಧ ಎಳೆದು, ವೇಗ ತಗ್ಗಿಸಿ ನೋಡಿದೆ. ಮೊದಲು ಉಳಿದ ಹುಡುಗಿಯರನ್ನು. ಎಸೆಯುವ ಕಡೆಗೆ ಎಡಗಾಲು ಹೋಗಿ ಊರುತ್ತದೆ. ಆಮೇಲೆ ಸೊಂಟ ತಿರುಗುತ್ತದೆ, ಅದರ ಹಿಂದೆ ಎದೆ. ಕೈ ಇನ್ನೂ ಹಿಂದೆಯೇ ಇರುತ್ತದೆ, ಬಾರುಕೋಲಿನ ಹಗ್ಗದ ತುದಿಯ ಹಾಗೆ. ಎಲ್ಲ ಮುಗಿದ ಮೇಲೆ ಬರುತ್ತದೆ. ಚೆಂಡು ಹೋದರೂ ಕೈ ನಿಲ್ಲುವುದಿಲ್ಲ. ಎದುರು ಮಂಡಿಯವರೆಗೆ ಸೋಮಾರಿಯಂತೆ ಇಳಿದುಹೋಗುತ್ತದೆ. ಮೂರು ವರ್ಷದಿಂದ ನೀನು ಮೈದಾನದಲ್ಲಿ ಅರಚುತ್ತಿದ್ದದ್ದು ಇದನ್ನೇ: ಕಾಲು ಊರಲಿ, ಸೊಂಟ ತಿರುಗಲಿ, ಕೈಗೆ ಅವಸರ ಬೇಡ.

ಆಮೇಲೆ ತೂಬಾ. ಕಾಲು, ಕೈ ಒಟ್ಟಿಗೆ ಬಿದ್ದವು. ಸೊಂಟ ನೆಟ್ಟ ಕಂಬದ ಹಾಗೆ ನಿಂತಿತ್ತು. ಅಷ್ಟೂ ಭಾರ ಭುಜವೊಂದರ ಮೇಲೆ. ಚೆಂಡು ಬಿಟ್ಟ ಮರುಕ್ಷಣ ಕೈ ಗಾಳಿಯಲ್ಲೇ ಗಕ್ಕನೆ ನಿಂತಿತು. ಎದುರಿಗೆ ಯಾರೂ ಇರಲಿಲ್ಲ. ಇಲ್ಲದ ಮನುಷ್ಯನ ತಲೆ ಉಳಿಸಲು ನನ್ನ ಮಗಳು ಎಂಬತ್ತು ಸಲ ಬ್ರೇಕು ಹಾಕಿದ್ದಾಳೆ, ದಿನಾ. ಬ್ಯಾಟು ಬೀಸಿದಾಗಲೂ ಅದೇ: ಚೆಂಡಿಗೆ ತಗುಲಿದ ಕೂಡಲೇ ಬ್ಯಾಟು ನಿಂತಿತು, ಚೆಂಡು ಅದನ್ನು ಎಸೆದ ಪಿಚರ್ ಕಾಲ ಬಳಿಯೇ ಉರುಳಿ ಸತ್ತಿತು. ನಾನೂ ಎದ್ದು ಬರಿಗೈ ಬೀಸಿದೆ. ಈ ಸಲ ನಿಲ್ಲಿಸದೆ ಬಿಟ್ಟುಬಿಡುತ್ತೇನೆ ಎಂದುಕೊಂಡೇ ಹತ್ತು ಸಲ ಬೀಸಿದೆ. ಹತ್ತು ಸಲವೂ ಅಲ್ಲಿಗೇ ನಿಂತಿತು.

ಮನೆಗೆ ಹೋಗಿ ಹೆಂಡತಿ ಸರ್ವರ್ ಬೇಗಂಳನ್ನು ಕೇಳಿದೆ. ಅವಳು ರೊಟ್ಟಿ ತಿರುವಿಹಾಕುತ್ತಲೇ ಹೇಳಿದಳು. "ಮಾರ್ಚಿನಿಂದ ಭುಜಕ್ಕೆ ಎಣ್ಣೆ ತಿಕ್ತಿದ್ದೀನಿ. ನಿಮಗೆ ಹೇಳಬೇಡ ಅಂದಿದ್ಲು. ಟೈರಿನ ಸದ್ದು ಕೇಳಿದ್ರೆ ಅಬ್ಬಾಗೆ ಖುಷಿಯಾಗ್ತದೆ ಅಂದ್ಲು. ನೀವು ನೋಡಿದ್ದು ಟೈರನ್ನ. ಅವಳ ಮುಖ ಯಾವತ್ತು ನೋಡಿದ್ರಿ?"

ಇವತ್ತು ಮಂಡ್ಯದ ಮೂಳೆ ಡಾಕ್ಟರಿಗೆ ತೋರಿಸಿಕೊಂಡು ಬಂದೆವು. ಭುಜದ ಒಳಗಿನ ನರ ಊದಿದೆಯಂತೆ. ಮೂರು ತಿಂಗಳು ಚೆಂಡು ಮುಟ್ಟುವಂತಿಲ್ಲ. ಈಗ ಹಟಕ್ಕೆ ಬಿದ್ದು ಆಡಿದರೆ ಮುಂದೆ ತನ್ನ ಜಡೆ ತಾನು ಹಾಕಿಕೊಳ್ಳುವುದೂ ಕಷ್ಟವಂತೆ.

ಗಫಾರ್ ಕಾಲಿಗೆ ಬಿದ್ದ ಎಂದು ಹಿಗ್ಗಬೇಡ, ಪಂತೋಜಿ. ಈಗ ನಿನ್ನ ಸರದಿ. ಫೆಬ್ರವರಿಯಲ್ಲಿ ಪಂಚರ್ ಹಾಕಿಸಲು ಗ್ಯಾರೇಜಿಗೆ ಬಂದವನು ಕಾಲು ಗಂಟೆ ಟೀ ಹಿಡಿದು ನಿಂತು ಅವಳ ಎಸೆತ ನೋಡಿದೆ. ಮೊದಲ ಎಸೆತಕ್ಕೇ ನಿನಗೆ ತಿಳಿದಿತ್ತು. ನನ್ನ ಕೈ ಎಲ್ಲಿ ನಿಲ್ಲುತ್ತದೆ ಎಂದು ಈ ತಾಲ್ಲೂಕಿನಲ್ಲಿ ನಿನಗಿಂತ ಚೆನ್ನಾಗಿ ಬಲ್ಲವರು ಯಾರು? ಆಗ ಹೇಳಿದ್ದೇನು? "ಸೌಂಡು ಚೆನ್ನಾಗಿ ಬರ್ತಿದೆ ಕಣೋ." ಹೇಳಿ, ಲೋಟ ಇಟ್ಟು ಹೊರಟುಹೋದೆ. ನನ್ನ ಸಿಟ್ಟಿಗೆ ಹೆದರಿದೆಯೋ, ಶಿವರಾತ್ರಿ ನಾಟಕಕ್ಕೆ ಖಳ ಕೈಕೊಟ್ಟಾನು ಎಂದು ಹೆದರಿದೆಯೋ, ನೀನೇ ಬಲ್ಲೆ. ಆರು ತಿಂಗಳು ನುಂಗಿಕೊಂಡು, ಕೊನೆಗೆ ಬಾಯಿ ಬಿಟ್ಟದ್ದು ಮಕ್ಕಳೆಲ್ಲ ನಗುವ ಹಾಗೆ. ತಪ್ಪು ಕಲಿಸಿದವನು ನಾನು. ನೋಡಿಯೂ ಟೀ ಕುಡಿದವನು ನೀನು. ಇದನ್ನು ನಾನು ಸಾಯುವ ತನಕ ಬಿಡುವುದಿಲ್ಲ.

ಬುಧವಾರದೊಳಗೆ ಅವಳ ಹೆಸರು ಸೇರಿಸದಿದ್ದರೆ ನೋಡು ಎಂದು ಶುಕ್ರವಾರ ಮೈದಾನದಲ್ಲಿ ಕೂಗಾಡಿದ್ದೆ. ಸೇರಿಸಬೇಡ. ಯಾರು ಹೇಳಿದರೂ ಸೇರಿಸಬೇಡ. ಮೂರು ತಿಂಗಳಾದ ಮೇಲೆ ಅವಳನ್ನು ಕಾಲಿನಿಂದ ಶುರುಮಾಡಿಸು, ಚೆಂಡಿಲ್ಲದೆ. ನಾನು ಮೈದಾನದ ಕಡೆ ತಲೆ ಹಾಕುವುದಿಲ್ಲ. ಸಂಜೆ ಟೈರಿನ ಹಗ್ಗ ಕತ್ತರಿಸಿದೆ. ತೂಬಾ ರಸ್ತೆಯ ಆಚೆ ನಿಂತು ನೋಡಿದಳು.

ದಸರಾ ನಾಟಕಕ್ಕೆ ಬೇರೆ ಖಳನನ್ನು ಹುಡುಕಿಕೋ.

ಇಂತಿ,
ಅಟ್ಟಣೆಯ ಮೇಲೂ ಕೆಳಗೂ ನಿನ್ನ ವೈರಿ,
ಗಫಾರ್

ತಾ.ಕ.: ಇಲ್ಲಿಂದ ಮುಂದಕ್ಕೆ ಮನಸ್ಸಿನಲ್ಲೇ ಓದಿಕೋ. ಶುಕ್ರವಾರ ಮೈದಾನದಿಂದ ನೇರ ಮಂಡ್ಯಕ್ಕೆ ಹೋಗಿ ಶಿಕ್ಷಣ ಇಲಾಖೆಯ ಆಫೀಸಿನಲ್ಲಿ ನಿನ್ನ ಮೇಲೆ ಅರ್ಜಿ ಕೊಟ್ಟೆ. ತೂಬಾಳ ಭುಜದ ಮಾತು ಅದರಲ್ಲಿಲ್ಲ. ಮುಸಲ್ಮಾನರ ಹುಡುಗಿ ಎಂಬ ಕಾರಣಕ್ಕೇ ನೀನು ಅವಳನ್ನು ಕೈಬಿಟ್ಟೆ ಎಂದು ಬರೆದೆ. ರಂಜಾನಿನಲ್ಲಿ ಅವಳೊಬ್ಬಳಿಗಾಗಿ ಇಡೀ ತಂಡದ ಅಭ್ಯಾಸದ ಹೊತ್ತು ಬದಲಿಸಿದವನು ನೀನು. ಬರೆಯುವಾಗಲೂ ಅದು ನನಗೆ ನೆನಪಿತ್ತು. ನಿನಗೆ ನೋಟಿಸು ಇನ್ನೂ ಬಂದಿಲ್ಲವೆಂದು ಕಾಣುತ್ತದೆ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ತೂಬಾಳನ್ನು ಕರೆದುಕೊಂಡು ಹೋಗಿ ಆಫೀಸು ತೆರೆಯುವವರೆಗೆ ಮೆಟ್ಟಿಲ ಮೇಲೆ ಕೂರುತ್ತೇನೆ. ಆ ಅರ್ಜಿಯನ್ನು ಮೊದಲು ಅವಳ ಕೈಗೆ ಕೊಟ್ಟು ಓದಿಸುತ್ತೇನೆ. ಆಮೇಲೆ, ಬರೆದದ್ದು ಸುಳ್ಳು, ಬರೆದವನು ನಾನು ಎಂದು ಅವಳ ಎದುರೇ ಬರೆದು ಸಹಿ ಹಾಕುತ್ತೇನೆ.