ಹಲಗೆ ಸವೆದ ಮಧ್ಯಾಹ್ನ

ಮಗಾ,

ನೋವಿನ ಮಾತ್ರೆಯ ಚಟದಲ್ಲೇ ನೀನು ಸತ್ತು ಎರಡು ವರ್ಷವಾಯಿತು. ಇದನ್ನು ಓದುವುದಿಲ್ಲವೆಂದು ಗೊತ್ತು, ಆದರೂ ಕೇಳು. ಇವತ್ತು ದವಡೆ ಹಲ್ಲು ಕೀಳಿಸಿಕೊಂಡೆ. ಡಾಕ್ಟರು ಅದೇ ಮಾತ್ರೆ ಕೊಟ್ಟರು.

ನುಂಗಿ ಬಡಗಿ ಕೆಲಸಕ್ಕೆ ಕೂತೆ. ನೋವಿನ ಜೊತೆ ನನ್ನ ಹಾಳು ಸಿಟ್ಟೂ ಕರಗಿತು. ಮರ ಬೆಣ್ಣೆಯಾಯಿತು. ಹೆರೆಯುವ ಹತ್ತರಿಯಿಂದ ಏಳುವ ಸುರುಳಿಗಳು ಮೋಡದಂತೆ ತೇಲಿದವು. ಗಿರಾಕಿಯ ಬಾಗಿಲ ಹಲಗೆ ರಟ್ಟಿನಷ್ಟು ತೆಳ್ಳಗಾಗುವವರೆಗೂ ಹೆರೆಯುತ್ತಲೇ ಇದ್ದೆ.

ಹೆದರಿ, ಉಳಿದ ಮಾತ್ರೆಗಳನ್ನು ನಿನ್ನ ಅಮ್ಮನಿಗೆ ಕೊಟ್ಟೆ. "ಕಾಲಿಗೆ ಬಿದ್ರೂ ಕೊಡ್ಬೇಡ ಕಣೇ."

ಸಂಜೆಯೊಳಗೆ ನಾನೇ ಎರಡು ಸಲ ಮಾತ್ರೆ ಕೇಳಿದೆ.

"ಹಲ್ಲು ನೋಯ್ತಿದ್ಯಾ?" ಅಂದಳು.

"ಇಲ್ಲ."

"ಗಂಡಸಾಗಿದ್ರೆ ಬಿಟ್ಟು ತೋರ್ಸೋ" ಎಂದು ನಾನು ನಿನಗೆ ದಿನಾ ಹೇಳುತ್ತಿದ್ದ ಮಾತನ್ನು ಅವಳು ನನಗೆ ಹೇಳಲಿಲ್ಲ. ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತಳು.