ರಾಯಪ್ಪನಿಗೆ ಕೊಟ್ಟ ಮಾತು

ಗಂಜಾಂ, ಶ್ರೀರಂಗಪಟ್ಟಣ
೧೪-೩-೧೯೯೫

ಮಗಳು ಜಸಿಂತಳಿಗೆ ನಿನ್ನ ಅವ್ವನ ಆಶೀರ್ವಾದ. ಯೇಸುಸ್ವಾಮಿ ನಿನ್ನ ಜೊತೆಗಿರಲಿ.

ನಾಗಮಂಗಲದಲ್ಲಿ ಊಟ ಸರಿಹೋಗಿದೆಯೋ ಇಲ್ಲವೋ ನೀನು ಬರೆದಿಲ್ಲ. ದಿನವಿಡೀ ಪಾಠ ಮಾಡುವವಳು ಹೊಟ್ಟೆ ತುಂಬ ತಿನ್ನಬೇಕು.

ಕ್ರಿಸ್ಮಸ್ಸಿಗೆ ಬಂದಾಗ ನೀನು, ಕನ್ಯಾಮಠ ಸೇರುವ ಆಸೆ ಹುಟ್ಟಿದೆ ಎಂದೆ. ಅದು ದೇವರ ಕರೆಯೋ ಬರೀ ನಿನ್ನ ಮನಸ್ಸಿನ ಆಟವೋ ತಿಳಿಯದೆ, ತಿಂಗಳಿಗೊಮ್ಮೆ ಪಾಂಡವಪುರದ ಸಿಸ್ಟರ್ ಬೆನಿಗ್ನಾ ಹತ್ತಿರ ಕೂತು ಮಾತಾಡುತ್ತೇನೆ ಎಂದೂ ಹೇಳಿದೆ. ಇನ್ನು ಆ ಹೊಸಿಲು ತುಳಿಯಬೇಡ ಎಂದೆ ನಾನು. ನೀನು ಅಲ್ಲಿಗೆ ಹೋಗುವುದನ್ನು ನಿಲ್ಲಿಸಿದೆ. ನನಗೆ ಕಾಗದ ಬರೆಯುವುದನ್ನೂ ನಿಲ್ಲಿಸಿದೆ.

ನೀನು ಆಸೆ ಹೇಳುವಷ್ಟರಲ್ಲಿ ನಾನು ಕೆ.ಆರ್. ಪೇಟೆಯ ರಾಯಪ್ಪನ ಮಗನಿಗೆ ನಿನ್ನನ್ನು ಕೊಡುವುದಾಗಿ ಮಾತು ಕೊಟ್ಟಾಗಿತ್ತು. ಕೊಟ್ಟ ಮಾತಿಗೆ ತಪ್ಪಿದ ಮನೆತನವಲ್ಲ ನಮ್ಮದು.

ಹೋದ ಶನಿವಾರ ನಾನೇ ಪಾಂಡವಪುರಕ್ಕೆ ಹೋದೆ. ಊರ ಯಜಮಾನರ ಹತ್ತಿರ ನ್ಯಾಯಕ್ಕೆ ಹೋಗುವವರಂತೆ ಎರಡು ಅಚ್ಚು ಬೆಲ್ಲ ಒಯ್ದು ಮೇಜಿನ ಮೇಲಿಟ್ಟು, "ನನ್ ಮಗಳ ತಲೆ ಕೆಡ್ಸಿರೋರು ನೀವೇ ಕಣ್ ಸಿಸ್ಟರ್. ಮದ್ವೆ ಆಗು ಅಂತ ನೀವೇ ಏಳ್ಬುಡಿ" ಎಂದೆ.

ಆಕೆ ನೀರು ಕೊಟ್ಟರು. ನೀನೇನು ಹೇಳಿದ್ದೀಯೆಂದು ಒಂದು ಮಾತೂ ಹೊರಬಿಡಲಿಲ್ಲ. "ಅವಳದು ಅವಳಿಗಿರಲಿ ತೆರೇಸಮ್ಮ. ನಾನು ತೀರ್ಪು ಹೇಳೋಳಲ್ಲ. ಜೊತೇಲಿ ಕೂತು ಕೇಳಿಸ್ಕೊಳ್ಳೋಳು. ಜಪಸರ ಮುಗಿದ ಮೇಲೆ ನೀವು ದೇವರತ್ರ ಏನು ಮಾತಾಡ್ತೀರಿ?" ಎಂದು ಕೇಳಿದರು.

"ಮಗಳ ಮದ್ವೆ ಮಾಡ್ಸು ಅಂತೀನಿ. ದಿನಾ ಅದ್ನೇ ಏಳ್ತೀನಿ."

"ದೇವರು ಏನಂತಾರೆ?"

"ಅವ್ರು ಮಾತಾಡಕ್ಕೆ ನಾನೆಲ್ ಬುಡ್ತೀನಿ?"

ಸಿಸ್ಟರ್ ನಕ್ಕರು. ನನಗೂ ನಗು ಬಂತು, ತಡೆದುಕೊಂಡೆ. ಬಳಿಕ ಆಕೆ ನನ್ನನ್ನು ಪ್ರಾರ್ಥನೆಯ ಕೋಣೆಗೆ ಕರೆದೊಯ್ದು, ಇವತ್ತು ಏನೂ ಕೇಳಬೇಡಿ, ಸುಮ್ಮನೆ ಕೂತಿರಿ, ಮನಸ್ಸಿಗೆ ಏನು ಬರುತ್ತದೋ ನೋಡಿ ಎಂದು ಹೇಳಿ ಪಕ್ಕದಲ್ಲೇ ಕೂತರು.

ಶಿಲುಬೆಯ ಮುಂದೆ ಕೂತರೆ ನಿನ್ನ ಮುಖ ಬರಬೇಕಿತ್ತು. ರಾಯಪ್ಪನ ಮೀಸೆ ಬಂತು. ಎಷ್ಟು ಓಡಿಸಿದರೂ ಅದೇ. ಮಾತು ತಪ್ಪಿದರೆ ಅವನು ನಾಲ್ಕು ಜನರೆದುರು ಏನೆಂದಾನು ಎಂಬುದೇ. ಮಗಳ ಒಳಿತಿಗೆಂದು ನಾನು ಮಾಡುತ್ತಿದ್ದ ಪ್ರಾರ್ಥನೆಯಲ್ಲಿ ಮಗಳೇ ಇರಲಿಲ್ಲ. ಇದನ್ನು ಸಿಸ್ಟರ್ ಬಾಯಿಬಿಟ್ಟು ಹೇಳಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಅವರು ಹೇಳಲಿಲ್ಲ. ನನಗೇ ಕಾಣಲಿ ಎಂದು ಬಿಟ್ಟರು.

ನಿನ್ನೆ ಕೆ.ಆರ್. ಪೇಟೆಗೆ ಹೋಗಿ ಮಾತು ವಾಪಸ್ ತೆಗೆದುಕೊಂಡೆ. ರಾಯಪ್ಪ, "ಏನ್ ತೆರೇಸವ್ವ, ಗಂಜಾಂನೋರ ಮಾತು ಇಷ್ಟೇಯಾ?" ಎಂದ. "ಇಷ್ಟೇ ಕಣಪ್ಪ, ಒಸಿ ಕಾಫಿ ಕೊಡ್ಸು" ಎಂದೆ. ಕುಡಿದು ಬಂದೆ. ಎದೆ ಹಗುರವಾಗಿತ್ತು.

ನೀನು ಮತ್ತೆ ಸಿಸ್ಟರ್ ಹತ್ತಿರ ಹೋಗು. ಅವರೆದುರು ಮನಸ್ಸು ಬಿಚ್ಚು, ಆತುರಪಡಬೇಡ. ಕನ್ಯಾಮಠವೆಂದು ತಿಳಿದುಬಂದರೂ ಸರಿ, ಮದುವೆಯೆಂದರೂ ಸರಿ. ಆದರೆ ನನಗೆ ಹೆದರಿ ಒಂದನ್ನೂ ಆರಿಸಬೇಡ.

ಇಂತು ನಿನ್ನ ಅವ್ವ,
ತೆರೇಸಮ್ಮ

ಮತ್ತೊಂದು ಮಾತು: ಬರುವ ತಿಂಗಳ ಮೊದಲ ಶನಿವಾರ ನೀನು ಬೆಳಿಗ್ಗೆಯೇ ಹೋಗಿಬಿಡು. ಮಧ್ಯಾಹ್ನದ ಹೊತ್ತನ್ನು ನನಗೆಂದು ಸಿಸ್ಟರ್ ಹತ್ತಿರ ಕೇಳಿಟ್ಟಿದ್ದೇನೆ. ಬಾಗಿಲಲ್ಲಿ ಎದುರಾದರೆ, ಒಳಗೆ ಏನು ಮಾತಾಡುತ್ತೀ ಎಂದು ಕೇಳಬೇಡ. ನಾನೂ ಕೇಳುವುದಿಲ್ಲ.