ದೊಡ್ಡಣ್ಣನ ಮೈಮೇಲಿನ ಕೆಂಪು ಗುರುತು

ಮನೆಯಿಂದ,
ಮೇ 25, ಭಾನುವಾರ ಮಧ್ಯಾಹ್ನ

ಮುದ್ದಿನ ಸೊಸೆಗೆ ನಿನ್ನ ಅತ್ತೆಯ ಆಶೀರ್ವಾದ.

ಹೇಗಿದ್ದೀಯೆ? ಆ ಅರಣ್ಯ ಇಲಾಖೆಯ ಮನೆಯಲ್ಲಿ ಕೂತು ಊಟ ಮಾಡುತ್ತೀಯೋ, ನಿಂತಲ್ಲೇ ಎರಡು ತುತ್ತು ನುಂಗಿ ಕಾಡಿಗೆ ಓಡುತ್ತೀಯೋ? ಪುಟಾಣಿಯ ಕೆಮ್ಮು ವಾಸಿಯಾಯಿತೆ? ಮುಂದಿನ ಹಲ್ಲು ಬಿತ್ತೆಂದು ನನ್ನ ಮಗರಾಯ ಹೇಳಿದ. ಫೋನಿನಲ್ಲಿ ಮಾತಾಡೋಣವೆಂದರೆ ನಿನ್ನ ಮಾವ ಪಕ್ಕದಲ್ಲೇ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿರುತ್ತಾರೆ. ಅದಕ್ಕೇ ಈ ಕಾಗದ.

ನೀನು ಹೊರಟ ದಿನ ಹೇಳಿದ್ದನ್ನು ನಾನು ಮರೆತಿಲ್ಲ. “ಅತ್ತೆ, ಆ ಮರ ಇಳಿಸೋವರೆಗೂ ಮಗೂನ ಕರ್ಕೊಂಡು ಈ ಮನೆಗೆ ಬರಲ್ಲ.” ನಿನ್ನದೇನೂ ತಪ್ಪಿಲ್ಲ ಬಿಡು. ಪುಟಾಣಿ ಮಲಗುವ ಕೋಣೆಯ ಮೇಲೇ ವಾಲಿಕೊಂಡಿದ್ದಾನೆ ನಮ್ಮ ಮರರಾಯ ದೊಡ್ಡಣ್ಣ. ಹೋದ ವರ್ಷ ಗುಡ್ಡದ ಬೆಂಕಿ ಹಿತ್ತಿಲವರೆಗೂ ಬಂದು ಅವನ ಬುಡ ಸುಟ್ಟರೂ ತಲೆಯ ಹಸಿರು ಹಾಗೇ ಉಳಿಯಿತಲ್ಲ, ನಿನ್ನ ಮಾವನಿಗೆ ಅಷ್ಟೇ ಸಾಕಾಯಿತು. ಕಡಿಯಬೇಕಾದ ಮರಗಳಿಗೆ ಗುರುತು ಹಾಕುವುದೇ ನಿನ್ನ ಕೆಲಸ, ದೊಡ್ಡಣ್ಣನಿಗೂ ಕೆಂಪು ಬಣ್ಣದಲ್ಲಿ ಅಡ್ಡಗೀಟು ಎಳೆದೆ. ನೀನು ಬಸ್ಸು ಹತ್ತಿದ್ದೇ ತಡ, ಇವರು ಸೀಮೆಎಣ್ಣೆ ಬಟ್ಟೆ ಹಿಡಿದು ಅದನ್ನು ತಿಕ್ಕಿದ್ದೇ ತಿಕ್ಕಿದ್ದು! ಎರಡು ಪಾತ್ರೆ ತಿಕ್ಕಿ ಎಂದರೆ ಮಾತ್ರ ಈ ಮಹಾನುಭಾವರಿಗೆ ಸೊಂಟ ನೋವು.

“ಇದಕ್ಕಿಂತ ಸುಟ್ಟ ಮರ ಚಿಗುರಿದ್ದು ನೋಡಿದೀನಿ ಕಣೇ. ನಿನ್ನೆ ಮೊನ್ನೆ ಬಂದೋಳು ನನಗೆ ಮರದ ಪಾಠ ಹೇಳ್ತಾಳಾ?” ಇದೇ ಅವರ ಜಪ. ಮರದ ಮಿಲ್ಲಿನಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವರು, ನೋಡಿದ್ದು ಸುಳ್ಳೂ ಅಲ್ಲ. ಆದರೆ ಆಗಿನ ಬೇಸಿಗೆಗೆ ಒಂದು ಕೊನೆ ಇತ್ತು, ಬೆಂಕಿಯ ಹಿಂದೆಯೇ ಮಳೆ ಬರುತ್ತಿತ್ತು. ನೀನೂ ಅದನ್ನೇ ಹೇಳಿದೆ: “ಬೆಂಕಿ ಅರ್ಧ ಕೊಂದಿದೆ ಮಾವ, ಉಳಿದರ್ಧ ಈ ಸೆಖೆ ಕೊಲ್ಲುತ್ತೆ. ಮೊದಲಿನ ಥರ ಬೇಸಿಗೆ ಆಗಿದ್ರೆ ಚೇತರಿಸ್ಕೋತಿತ್ತು.” ಈ ಸಲದ ಸೆಖೆ ಎಂಥದ್ದೆಂದು ನನ್ನನ್ನು ಕೇಳು, ಬಟ್ಟೆ ಹಗ್ಗಕ್ಕೆ ಹಾಕಿ ತಿರುಗುವಷ್ಟರಲ್ಲಿ ಗರಿಗರಿ. ಇವರೋ, ಬಟ್ಟೆ ಒಗೆದ ನೀರನ್ನೂ ಬಿಡದೆ ದೊಡ್ಡಣ್ಣನ ಬುಡಕ್ಕೆ ಹೊತ್ತರು. “ಕುಡಿಯೋ ಮಾರಾಯಾ, ಅವಳ ಮುಂದೆ ನನ್ನ ಮಾನ ಕಳೀಬೇಡ” ಎಂದು ಅವನನ್ನು ಗೋಗರೆಯುತ್ತಿದ್ದುದು ಕಿವಿಗೆ ಬಿದ್ದು, ನಾನು ಬಾಯಿ ಮುಚ್ಚಿಕೊಂಡು ಒಳಗೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಆ ನಗು ಉಳಿಯಲಿಲ್ಲ. ಹೋದ ವಾರ ತುದಿಯಿಂದ ಎಲೆ ಕಂದತೊಡಗಿತು, ಹುಳ ಕೊರೆದ ಪುಡಿ ಬುಡದಲ್ಲಿ ಉದುರಿತು. ಇವರು ಉಳಿ ತಂದು ಸುತ್ತಲೂ ಅಲ್ಲಲ್ಲಿ ತೊಗಟೆ ಎಬ್ಬಿಸಿ ನೋಡಿದರು. ಜೀವವಿದ್ದರೆ ಒಳಗೆ ಒದ್ದೆಯಾಗಿ ಬೆಳ್ಳಗಿರಬೇಕಂತೆ. ಎಲ್ಲ ಕಡೆಯೂ ಒಣಗಿ ಕಂದಾಗಿತ್ತು. ಒಳಗೆ ಬಂದು, ನಾನು ಸಕ್ಕರೆ ಹಾಕಲು ಮರೆತ ಚಹಾವನ್ನು ಒಂದು ಮಾತೂ ಬೈಯದೆ ಕುಡಿದರು. ನಾನೂ ಹೋಗಿ ಆ ಒಣಗಿದ ತೊಗಟೆಯನ್ನು ಒಮ್ಮೆ ಸವರಿ ಬಂದೆ. ಮದುವೆಯಾಗಿ ಬಂದಾಗಿನಿಂದ ಅವನ ನೆರಳಲ್ಲೇ ಕೂತು ತರಕಾರಿ ಹೆಚ್ಚಿದವಳು ನಾನೂ.

ಇರಲಿ, ಅಳುವ ಕಾಗದವಲ್ಲ ಇದು. ನೀನು ಬಿಟ್ಟುಹೋದ ಸಸಿಗಳು ಚೆನ್ನಾಗಿವೆ. ಗುಡ್ಡದ ಕೆಳಗಿನ ಸೆಖೆಯ ಬಯಲಿನ ಬೀಜದವು, ಮುಂದಿನ ಬೇಸಿಗೆಗಳನ್ನು ತಾಳಿಕೊಂಡಾವು ಎಂದು ನೀನು ಹೇಳಿದಾಗ ನಿನ್ನ ಮಾವ “ಮರಕ್ಕೂ ಪರಊರಿನ ಸಂಬಂಧ ಬೇಕಾ?” ಎಂದು ಅಣಕಿಸಿದ್ದರಲ್ಲ? ನಾನೂ ಪರಊರಿನಿಂದಲೇ ಬಂದವಳು, ಬೇರು ಬಿಡಲಿಲ್ಲವೇ ಎಂದು ಕೇಳಿದೆ. ಈಗ ಆ ಸಸಿಗಳ ಹತ್ತಿರ ನನ್ನನ್ನೂ ಬಿಡುತ್ತಿಲ್ಲ, ಎಲ್ಲ ಉಸ್ತುವಾರಿಯೂ ಅವರದೇ.

ಪುಟಾಣಿಯ ಬೊಕ್ಕಬಾಯಿಗೆ ನನ್ನದೊಂದು ಮುತ್ತು. ನಿನಗೆ ಆರೋಗ್ಯ, ಆಯುಸ್ಸು, ಜೊತೆಗೆ ನನ್ನ ಗಂಡನನ್ನು ಸಹಿಸುವ ಶಕ್ತಿಯೂ ಹೆಚ್ಚಲಿ.

ಇತಿ,
ನಿನ್ನ ಪಕ್ಷದವಳೇ ಆದ ಅತ್ತೆ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಬಣ್ಣದ ವಾಸನೆ ಬಂತು. ಹೋಗಿ ನೋಡಿದರೆ ನಿನ್ನ ಮಾವ ನಿನ್ನದೇ ಡಬ್ಬಿ ಹಿಡಿದು, ತಾವು ಅಳಿಸಿದ ಜಾಗದಲ್ಲೇ ಗುರುತು ಹಾಕುತ್ತಿದ್ದಾರೆ. ಗೀಟು ಸೊಟ್ಟಗಾಗಿದೆ. ತಿರುಗಿಯೂ ನೋಡದೆ ಹೇಳಿದರು: “ಅವಳಿಗೆ ಬರಿ. ಗಾಳಿ ಶುರುವಾಗೋ ಮೊದಲು, ಬರೋ ಭಾನುವಾರ ಇಳಿಸೋಣ. ಮನೆ ಮೇಲೆ ಬೀಳದ ಹಾಗೆ ಎಳೆಯೋ ಹಗ್ಗ ಅವಳೇ ಹಿಡೀಬೇಕು, ಬೇರೆಯವರ ಕೈಗೆ ನಾನು ಕೊಡಲ್ಲ. ಮಗೂನೂ ಬರ್ಲಿ, ದೊಡ್ಡಣ್ಣನ್ನ ಒಂದ್ಸಲ ಮುಟ್ಲಿ.” ಬಂದುಬಿಡು ಮಗಳೇ. ಪುಟಾಣಿಯ ಹಾಸಿಗೆಯನ್ನು ಆಗಲೇ ಬಿಸಿಲಿಗೆ ಹಾಕಿದ್ದೇನೆ. ಈ ಹಾಳು ಬಿಸಿಲು ಅದಕ್ಕಾದರೂ ಆಗಲಿ.